ಮಡಗಾಸ್ಕರದಿಂದ ಮುಂಬಯಿಗೆ: ಗುಲ್‌ಮೊಹರ್ ನಡೆದು ಬಂದ ದಾರಿ

ಏಪ್ರಿಲ್ ಮುಗಿಯುತ್ತ ಬಂದಂತೆ ಮುಂಬಯಿಯಲ್ಲಿ ಬೆವರು ಒರೆಸಿಕೊಳ್ಳುವುದೇ ದಿನದ ದೊಡ್ಡ ಕೆಲಸವಾಗುತ್ತದೆ. ಮಕ್ಕಳಿಗೆ ರಜೆ, ಊರಿಗೆ ಹೋಗುವ ರೈಲಿನ ಟಿಕೆಟಿನ ಚಿಂತೆ, ಮಾವಿನ ಹಣ್ಣಿನ ಪೆಟ್ಟಿಗೆಯ ದರ. ಇದೇ ಹೊತ್ತಿಗೆ, ಎರಡು ತಿಂಗಳಿನಿಂದ ಬೋಳಾಗಿ ನಿಂತಿದ್ದ ಮರವೊಂದು ಒಂದೇ ವಾರದಲ್ಲಿ ಕೆಂಪಾಗಿಬಿಡುತ್ತದೆ. ರೈಲ್ವೆ ಕ್ವಾರ್ಟರ್ಸಿನ ಅಂಗಳ, ಶಾಲೆಯ ಕಾಂಪೌಂಡು, ಹಳೆಯ ಹೌಸಿಂಗ್ ಬೋರ್ಡಿನ ಕಾಲನಿ, ಜುಹೂವಿನ ಗುಲ್‌ಮೊಹರ್ ರೋಡು, ಎಲ್ಲೆಲ್ಲೂ ಅದೇ ಬಣ್ಣ. ಮುಂಬಯಿಯ ಮೇ ತಿಂಗಳ ಚಿತ್ರ ಬರೆಯಲು ಮಗುವಿಗೆ ಹೇಳಿ ನೋಡಿ, ಕೆಂಪು ಕ್ರೇಯಾನ್ ಮೊದಲು ಮುಗಿಯುತ್ತದೆ.

ಆದರೆ ಈ ಮರ ಇಲ್ಲಿಯದಲ್ಲ. ಭಾರತದ್ದೂ ಅಲ್ಲ. ಇನ್ನೂರು ವರ್ಷಗಳ ಹಿಂದೆ ಈ ದೇಶದಲ್ಲಿ ಯಾರೂ ಗುಲ್‌ಮೊಹರ್ ನೋಡಿರಲಿಲ್ಲ. ಅಕ್ಬರನ ಅರಮನೆಯ ತೋಟದಲ್ಲಾಗಲಿ, ಶಿವಾಜಿಯ ಕೋಟೆಯ ದಾರಿಯಲ್ಲಾಗಲಿ, ಇಕ್ಕೇರಿ ನಾಯಕರ ಕಾಲದ ಸಾಲುಮರಗಳಲ್ಲಾಗಲಿ ಈ ಹೂ ಇರಲಿಲ್ಲ. ಸಿನಿಮಾದಲ್ಲಿ ಪೇಶ್ವೆಗಳ ಕಾಲದ ನಾಯಕಿ ಗುಲ್‌ಮೊಹರದ ಕೆಳಗೆ ನಿಂತು ಹಾಡುವುದನ್ನು ಕಂಡರೆ ನಗಬಹುದು.

ಈ ಮರದ ಚರಿತ್ರೆಯನ್ನು ಹುಡುಕಿಕೊಂಡು ಹೋಗಲು ನನಗೊಂದು ಕಾರಣವಿತ್ತು. ನಮ್ಮ ಸೊಸೈಟಿಯ ಗೇಟಿನ ಬಳಿಯ ಗುಲ್‌ಮೊಹರನ್ನು ಉಳಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ, “ಅದು ಪರದೇಶಿ ಮರ, ಹೋದರೆ ಹೋಗಲಿ ಬಿಡಿ” ಎಂಬ ಮಾತು ಬಂತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮರದ ಊರಿಗೆ ಹೋಗೋಣ.

ಆಫ್ರಿಕದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿರುವ ದೊಡ್ಡ ದ್ವೀಪ ಮಡಗಾಸ್ಕರ. ಅದರ ಆಚೆಗೆ ಪುಟ್ಟ ಮಾರಿಷಸ್. 1820ರ ದಶಕದಲ್ಲಿ ಬೊಹೀಮಿಯ ದೇಶದಿಂದ ಬಂದು ಮಾರಿಷಸ್ಸಿನಲ್ಲಿ ನೆಲೆಸಿದ್ದ ವೆನ್ಸೆಸ್ಲಾಸ್ ಬೋಯರ್ ಎಂಬ ಸಸ್ಯಶಾಸ್ತ್ರಜ್ಞ ಮಡಗಾಸ್ಕರದ ಪೂರ್ವ ಕರಾವಳಿಯ ಫೂಲ್‌ಪಾಯಿಂಟ್ ಎಂಬ ಊರಿನಲ್ಲಿ ಈ ಮರವನ್ನು ಕಂಡ. ಅವನು ಕೊಟ್ಟ ವಿವರಣೆ 1829ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಸಸ್ಯಪತ್ರಿಕೆಯಲ್ಲಿ ಬಣ್ಣದ ಚಿತ್ರದೊಂದಿಗೆ ಅಚ್ಚಾಯಿತು. ಹೆಸರು ಪಾಯಿನ್ಸಿಯಾನ ರೀಜಿಯಾ. ರೀಜಿಯಾ ಎಂದರೆ ರಾಜಯೋಗ್ಯವಾದದ್ದು. ಪಾಯಿನ್ಸಿಯಾನ ಎಂಬುದು ಹದಿನೇಳನೆಯ ಶತಮಾನದಲ್ಲಿ ಕೆರಿಬಿಯನ್ನಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಫ್ರೆಂಚರ ಗವರ್ನರನಾಗಿದ್ದ ದ ಪ್ವಾಂಸಿ ಎಂಬವನ ಹೆಸರಿನಿಂದ ಬಂದದ್ದು. ಪಾಪ, ಅವನು ಈ ಮರವನ್ನು ಕಣ್ಣಿಂದ ಕಂಡವನೇ ಅಲ್ಲ. ಆದರೆ ಮರ ಹೇಗೋ ಅವನ ದ್ವೀಪವನ್ನು ಹುಡುಕಿಕೊಂಡು ಹೋಯಿತು. ಇವತ್ತು ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶದ ರಾಷ್ಟ್ರೀಯ ಹೂ ಅದೇ.

ಈ ಪಾಯಿನ್ಸಿಯಾನ ಎಂಬ ಕುಲದಲ್ಲಿ ಅದಕ್ಕೂ ಮೊದಲೇ ಇದ್ದ ಗಿಡ ಯಾವುದು ಗೊತ್ತೆ? ನಮ್ಮ ಹಿತ್ತಿಲಲ್ಲಿ ಬೇಲಿಯ ಪಕ್ಕ ಬೆಳೆಯುವ ರತ್ನಗಂಧಿ. ಕೆಂಪು, ಹಳದಿ ಎಸಳಿನ, ಉದ್ದ ಕೇಸರದ ಆ ಪುಟ್ಟ ಗಿಡವನ್ನು ಲಿನ್ನೇಯಸ್ 1753ರಲ್ಲೇ ಆ ಹೆಸರಿನಲ್ಲಿ ದಾಖಲಿಸಿದ್ದ. ಬೋಯರ್ ಹೊಸ ಮರವನ್ನು ನೋಡಿ ಅದರ ಬಂಧು ಎಂದು ಗುರುತಿಸಿದ. ಇನ್ನು ನಮ್ಮವರು? ಗುಲ್‌ಮೊಹರಿಗೆ ಕನ್ನಡದಲ್ಲಿರುವ ಹೆಸರುಗಳಲ್ಲಿ ಒಂದು ‘ದೊಡ್ಡ ರತ್ನಗಂಧಿ’. ಯಾವ ಲ್ಯಾಟಿನ್ನೂ ಓದದ ನಮ್ಮ ಜನ ಬೋಯರನಂತೆಯೇ ನೋಡಿ, ಅವನು ಹೇಳಿದ್ದನ್ನೇ ಹೇಳಿದ್ದಾರೆ. ಹೂವನ್ನು ದಿನವೂ ಕೊಯ್ದು ದೇವರಿಗೆ ಏರಿಸುವವರ ಕಣ್ಣಿಗೆ ಹೂವಿನ ಮುಖಪರಿಚಯ ಚೆನ್ನಾಗಿಯೇ ಇರುತ್ತದೆ.

ಮುಂದೆ ವಿಜ್ಞಾನಿಗಳು ಇದನ್ನು ಬೇರೆ ಕುಲಕ್ಕೆ ಸೇರಿಸಿದರು. ಈಗಿನ ಹೆಸರು ಡೆಲೋನಿಕ್ಸ್ ರೀಜಿಯಾ. ಡೆಲೋನಿಕ್ಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಎದ್ದು ಕಾಣುವ ಉಗುರು. ಪ್ರತಿ ಎಸಳಿನ ಬುಡ ಸಪೂರವಾಗಿ ಉಗುರಿನಂತೆ ಚಾಚಿಕೊಂಡಿರುವುದರಿಂದ ಈ ಹೆಸರು. ಇದನ್ನು ಓದಿದಾಗ ನನಗೆ ಬೇರೆಯೇ ಉಗುರು ನೆನಪಾಯಿತು. ಗುಲ್‌ಮೊಹರದ ಮೊಗ್ಗನ್ನು ಬಿಡಿಸಿ, ಹೊರಗೆ ಹಸಿರು, ಒಳಗೆ ಕೆಂಪು ಇರುವ ಸಿಪ್ಪೆಯನ್ನು ಎರಡಾಗಿ ಸೀಳಿ ಬೆರಳ ತುದಿಗೆ ಅಂಟಿಸಿಕೊಂಡು ರಾಕ್ಷಸಿಯರಾಗದ ಹುಡುಗಿಯರು ನಮ್ಮ ತಲೆಮಾರಿನಲ್ಲಿ ಇದ್ದಾರೆಯೆ? ನೇಲ್ ಪಾಲಿಶ್ ಕೊಡಿಸದ ಅಮ್ಮಂದಿರ ಕಾಲ ಅದು. ಕೇಸರದ ತುದಿಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು, ಯಾರದ್ದರ ತಲೆ ಮೊದಲು ಹಾರುತ್ತದೆ ಎಂದು ನೋಡುವ ಆಟ ಇನ್ನೊಂದು. ಬೇಸಿಗೆ ಕಳೆದ ಮೇಲೆ ಕಾಯಿ ಬಲಿತು, ಒಣಗಿ, ಎರಡು ಅಡಿ ಉದ್ದದ ಕಂದು ಕತ್ತಿಯಾಗುತ್ತದೆ. ಅಲ್ಲಾಡಿಸಿದರೆ ಒಳಗಿನ ಬೀಜಗಳು ಗಲಗಲ ಎನ್ನುತ್ತವೆ. ತಮ್ಮಂದಿರು ಯುದ್ಧಕ್ಕೆ ಹೊರಡುತ್ತಿದ್ದುದು ಅದನ್ನು ಹಿಡಿದೇ. ‘ಕತ್ತಿಕಾಯಿ ಮರ’ ಎಂಬ ಹೆಸರನ್ನು ಕೊಟ್ಟವರು ಮಕ್ಕಳೇ ಇರಬೇಕು ಎಂದು ನನ್ನ ಅನುಮಾನ. ‘ಕೆಂಪು ತುರಾಯಿ’ ದೊಡ್ಡವರು ಇಟ್ಟದ್ದು, ‘ಮೇ ಫ್ಲವರ್’ ಕಾನ್ವೆಂಟಿನವರು.

ಗುಲ್‌ಮೊಹರ್ ಎಂಬುದರಲ್ಲಿ ಗುಲ್ ಎಂದರೆ ಹೂ, ಮೊಹರ್ ಎಂದರೆ ಚಿನ್ನದ ನಾಣ್ಯ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಮೊಹರ್ ಅಲ್ಲ, ಮೋರ್, ಅಂದರೆ ನವಿಲು ಎನ್ನುವವರೂ ಇದ್ದಾರೆ. ಮುಂಬಯಿಯ ಇಂಗ್ಲಿಷರ ಕಿವಿಗೆ ಗುಲ್ ಎಂಬುದು ಗೋಲ್ಡ್ ಎಂದೇ ಕೇಳಿಸಿತು. ಹಾಗಾಗಿ ಅವರ ಬಾಯಲ್ಲಿ ಇದು ‘ಗೋಲ್ಡ್ ಮೊಹರ್’. ಚಿನ್ನದ ಹೆಸರು, ಕುಂಕುಮದ ಬಣ್ಣ!

ಮಾರಿಷಸ್ಸಿನಿಂದ ಬೀಜಗಳು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಹೋದವು. ಬೀಜ ಕಲ್ಲಿನಂತೆ ಗಟ್ಟಿ. ತಿಂಗಳುಗಟ್ಟಲೆ ಪ್ರಯಾಣಕ್ಕೆ ಏನೂ ಆಗುವುದಿಲ್ಲ, ಬಿಸಿನೀರಿನಲ್ಲಿ ನೆನೆಸಿದರೆ ಮೊಳೆಯುತ್ತದೆ. ಮುಂಬಯಿಗೆ ಇದು 1840ರ ಸುಮಾರಿಗೆ ಬಂತೆಂದು ಪ್ರತೀತಿ. ಮೊದಲು ಕಂಡದ್ದು ಶಿವಡಿಯಲ್ಲಿ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಥವಿದೆ, ಏಕೆಂದರೆ ಆಗ ಪಶ್ಚಿಮ ಭಾರತದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟ ಇದ್ದದ್ದು ಶಿವಡಿಯಲ್ಲೇ. ಹೊರದೇಶದ ಗಿಡಗಳನ್ನು ತಂದು ನೆಟ್ಟು ನೋಡುವುದು ಅಂಥ ಸಂಘಗಳ ಕೆಲಸವಾಗಿತ್ತು. ಆಮೇಲೆ ಆ ಜಾಗದಲ್ಲಿ ಕ್ರೈಸ್ತರ ಸ್ಮಶಾನ ಬಂತು, ತೋಟ ಬೈಕಲಾಕ್ಕೆ ಹೋಯಿತು. 1862ರ ನವೆಂಬರ್ 19ರಂದು ಗವರ್ನರನ ಪತ್ನಿ ಲೇಡಿ ಫ್ರಿಯರ್ ಅದನ್ನು ಸಾರ್ವಜನಿಕರಿಗೆ ತೆರೆದಳು. ವಿಕ್ಟೋರಿಯಾ ಗಾರ್ಡನ್ಸ್, ಜನರ ಬಾಯಲ್ಲಿ ರಾಣಿಬಾಗ್, ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ.

ರಾಣಿಬಾಗಿನ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವೆಲ್ಲ ಮಕ್ಕಳನ್ನು ಆನೆ, ಹುಲಿ ತೋರಿಸಲು ಅಲ್ಲಿಗೆ ಕರೆದುಕೊಂಡು ಹೋದವರು. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮರಗಳಿವೆ, ಅದು ಮೊದಲಿಗೆ ಸಸ್ಯೋದ್ಯಾನ, ಪ್ರಾಣಿಗಳು ಬಂದದ್ದು ಆಮೇಲೆ ಎಂಬುದನ್ನು ಗಮನಿಸಿದವರು ಕಡಿಮೆ. 2007ರ ಸುಮಾರಿಗೆ ಮೃಗಾಲಯವನ್ನು ಆಧುನಿಕಗೊಳಿಸುವ ಭಾರೀ ಯೋಜನೆ ಬಂದಾಗ, ಅದರಿಂದ ಮರಗಳಿಗೆ ಕೇಡು ಎಂದು ಎದ್ದು ನಿಂತವರ ಮುಂಚೂಣಿಯಲ್ಲಿದ್ದವರು ಮುಂಬಯಿಯ ಕೆಲವು ಮಹಿಳೆಯರು. ಅವರು ಮರ ಮರವನ್ನೂ ಗುರುತಿಸಿ ಬರೆದಿಟ್ಟರು, ಜನರನ್ನು ಕರೆದು ತೋರಿಸಿದರು, ಕಚೇರಿಗಳಿಗೆ ಅಲೆದರು. ಉದ್ಯಾನಕ್ಕೆ 150 ವರ್ಷ ತುಂಬಿದಾಗ ಪುಸ್ತಕವನ್ನೇ ತಂದರು. ಮರದ ಹೆಸರು ಗೊತ್ತಿದ್ದರೆ ಅದರ ಪರವಾಗಿ ಮಾತಾಡುವುದು ಸುಲಭ ಎಂಬುದನ್ನು ನಾನು ಕಲಿತದ್ದು ಅವರ ಕೆಲಸದಿಂದ.

ಈ ನಗರದ ಮರಗಳ ಬಗ್ಗೆ ಬರೆದವರಲ್ಲಿ ಇನ್ನಿಬ್ಬರನ್ನು ನೆನೆಯಬೇಕು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಿಸ್ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದ ವೈನ್ ವ್ಯಾಪಾರಿ ಮಿಲರ್ಡ್. ಬಾಲಕ ಸಲೀಂ ಅಲಿ, ತಾನು ಹೊಡೆದು ಬೀಳಿಸಿದ ಗುಬ್ಬಿಯನ್ನು ಹಿಡಿದುಕೊಂಡು ‘ಇದು ಯಾವ ಹಕ್ಕಿ’ ಎಂದು ಕೇಳಲು ಹೋದಾಗ ಹಕ್ಕಿಗಳ ಲೋಕಕ್ಕೆ ಬಾಗಿಲು ತೆರೆದವರು ಇದೇ ಮಿಲರ್ಡ್. ಭಾರತದ ಚೆಂದದ ಮರಗಳ ಬಗ್ಗೆ ಇಬ್ಬರೂ ಸೇರಿ ಬರೆದ ಬಣ್ಣದ ಚಿತ್ರಗಳ ಪುಸ್ತಕ 1937ರಲ್ಲಿ ಹೊರಬಂತು. ಅಷ್ಟರಲ್ಲಿ ಬ್ಲಾಟರ್ ತೀರಿಕೊಂಡು ಮೂರು ವರ್ಷ ಆಗಿತ್ತು.

ತೋಟದಲ್ಲಿದ್ದ ಮರ ಬೀದಿಗೆ ಬಂದದ್ದು ಹೇಗೆ? 1896ರಲ್ಲಿ ಪ್ಲೇಗು ಬಂದು ಮುಂಬಯಿ ತತ್ತರಿಸಿತು. ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಹೊರಗೆ ತರಬೇಕೆಂದು 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ರೂಪಿಸಿದ್ದೇ ನಮ್ಮ ದಾದರ್, ಮಾಟುಂಗ, ವಡಾಳ: ಅಗಲ ರಸ್ತೆ, ಇಬ್ಬದಿಯಲ್ಲಿ ಸಾಲುಮರ, ನಡುವೆ ಉದ್ಯಾನ. ದಾದರ್ ಪಾರ್ಸಿ ಕಾಲನಿಯಲ್ಲಂತೂ ರಸ್ತೆಗೊಂದು ಜಾತಿಯ ಮರ ಎಂಬಂತೆ ನೆಟ್ಟರು. ನಮ್ಮ ಹಿರಿಯರು ಊರಿನಿಂದ ಬಂದು ಬೇರೂರಿದ್ದೂ ಇದೇ ಹೊಸ ಬಡಾವಣೆಗಳಲ್ಲಿ. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಮಾಟುಂಗದ ಆ ನೆರಳಿನ ಬೀದಿಗಳಲ್ಲಿ ನಡೆದು ನಾಟಕಕ್ಕೂ ಉಪನ್ಯಾಸಕ್ಕೂ ಹೋದವರು ನಾವು.

ಉಪನಗರಗಳ ಕಥೆ ಬೇರೆ. 1950ರ ಜುಲೈಯಲ್ಲಿ ಕೇಂದ್ರದ ಮಂತ್ರಿಯಾಗಿದ್ದ ಕೆ.ಎಂ. ಮುನ್ಶಿ ವನಮಹೋತ್ಸವ ಆರಂಭಿಸಿದರು. ಅವರು ಮುಂಬಯಿಯವರೇ, ಭಾರತೀಯ ವಿದ್ಯಾಭವನ ಕಟ್ಟಿದವರು. ಪ್ರತಿ ಮಳೆಗಾಲದಲ್ಲೂ ಶಾಲೆ, ಕಾರ್ಖಾನೆ, ಕಾಲನಿಗಳಲ್ಲಿ ಸಸಿ ನೆಡುವುದು ವಾಡಿಕೆಯಾಯಿತು. ಯಾವ ಸಸಿ? ಬೀಜ ಸುಲಭವಾಗಿ ಸಿಗಬೇಕು, ಬೇಗ ಬೆಳೆಯಬೇಕು, ದನ ತಿನ್ನಬಾರದು, ನೀರು ಹಾಕಲು ಮರೆತರೂ ಸಾಯಬಾರದು, ನೆಟ್ಟವರ ಕಾಲದಲ್ಲೇ ಹೂ ಬಿಡಬೇಕು. ಇಷ್ಟೂ ಗುಣ ಇದ್ದದ್ದು ಗುಲ್‌ಮೊಹರಿಗೆ. ಐದಾರು ವರ್ಷಕ್ಕೆ ಹೂ. ಅದರ ಜೊತೆಗೆ ರೇನ್ ಟ್ರೀ, ಹಳದಿ ಹೂವಿನ ಪೆಲ್ಟೋಫೋರಂ. ಮುಲುಂಡಿನಿಂದ ಬೋರಿವಲಿಯ ತನಕ ಕಾಲನಿಗಳು ಎದ್ದ ಆ ಮೂರು ನಾಲ್ಕು ದಶಕಗಳಲ್ಲಿ ಈ ಮೂರು ಮರಗಳು ನಗರವನ್ನು ಹಂಚಿಕೊಂಡವು ಎನ್ನಬಹುದು. ಅತ್ತ ಬೆಂಗಳೂರಿನಲ್ಲಿಯೂ ಲಾಲ್‌ಬಾಗಿನ ಜರ್ಮನ್ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಾದ ಮೇಲೊಂದು ಮರ ಹೂಬಿಡುವಂತೆ ಬೀದಿಗಳನ್ನು ಯೋಜಿಸಿದಾಗ ಗುಲ್‌ಮೊಹರಿಗೆ ಅದರದ್ದೇ ಜಾಗ ಇತ್ತು. ಮಹಾರಾಷ್ಟ್ರದ ಸಾತಾರಾದಲ್ಲಿ 1999ರಿಂದ ಮೇ 1ರಂದು ‘ಗುಲ್‌ಮೊಹರ್ ದಿನ’ವನ್ನೇ ಆಚರಿಸುತ್ತಾರೆ. ಮಹಾರಾಷ್ಟ್ರ ದಿನವೂ ಅದೇ. ರಾಜ್ಯ ಹುಟ್ಟಿದ ದಿನ ಮಡಗಾಸ್ಕರದ ಹೂವಿಗೆ ಹಬ್ಬ!

ಈಗ ಮರವನ್ನೇ ಸ್ವಲ್ಪ ನಿಂತು ನೋಡೋಣ. ಎತ್ತರಕ್ಕಿಂತ ಅಗಲಕ್ಕೆ ಬೆಳೆಯುವ ಸ್ವಭಾವ ಅದರದ್ದು. ಮೂವತ್ತು, ನಲವತ್ತು ಅಡಿ ಏರಿ, ಆಮೇಲೆ ಕೊಡೆಯಂತೆ ಹರಡುತ್ತದೆ. ಎಲೆಯೆಂದರೆ ಒಂದೇ ಎಲೆಯಲ್ಲ. ಒಂದು ದೇಟಿನಲ್ಲಿ ಹತ್ತಿಪ್ಪತ್ತು ಜೋಡಿ ಗರಿ, ಗರಿಗೆ ಇಪ್ಪತ್ತು, ಮೂವತ್ತು ಜೋಡಿ ಕಿರುಎಲೆ, ಅಕ್ಕಿಕಾಳಿಗಿಂತ ತುಸು ದೊಡ್ಡವು. ಬಿಸಿಲನ್ನು ಪೂರ್ತಿ ತಡೆಯದೆ ಜರಡಿ ಹಿಡಿದಂತೆ ಇಳಿಸುತ್ತದೆ. ಚಳಿಗಾಲ ಮುಗಿದು ಒಣಹವೆ ಬಂತೆಂದರೆ ಈ ಕಿರುಎಲೆಗಳೆಲ್ಲ ಹಳದಿಯಾಗಿ ಉದುರುತ್ತವೆ. ಗುಡಿಸುವವರ ಶಾಪ ತಟ್ಟುವ ಕಾಲ. ನಿಂತ ಕಾರಿನ ವೈಪರಿನೊಳಗೆ, ಒಣಗಲು ಹಾಕಿದ ಹಪ್ಪಳದ ಮೇಲೆ, ಎಲ್ಲೆಡೆ ಅವೇ. ಹೀಗೆ ಎಲೆ ಉದುರಿಸುವುದು ನೀರು ಉಳಿಸುವ ಉಪಾಯ. ಮಡಗಾಸ್ಕರದ ಪಶ್ಚಿಮದ ಸುಣ್ಣಕಲ್ಲಿನ ಒಣಕಾಡು ಅದರ ನಿಜವಾದ ತವರು. ಅಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲ. ಮುಂಬಯಿಯ ಎಂಟು ತಿಂಗಳ ಒಣಕಾಲ ಅದಕ್ಕೆ ತವರುಮನೆಯ ಹವೆಯೇ.

ಹೂವಿಗೆ ಐದು ಎಸಳು. ನಾಲ್ಕು ಒಂದೇ ತರಹದ ಕೆಂಪು. ಐದನೆಯದು ಮಾತ್ರ ತುಸು ದೊಡ್ಡದು, ನೆಟ್ಟಗೆ ನಿಂತದ್ದು, ಬಿಳಿ, ಹಳದಿಯ ಮೇಲೆ ಕೆಂಪು ಗೆರೆ, ಚುಕ್ಕೆ ಇರುವಂಥದ್ದು. ಕೆಳಗೆ ಬಿದ್ದ ಹೂವನ್ನು ಎತ್ತಿ ನೋಡಿ, ಪ್ರತಿ ಹೂವಿನಲ್ಲೂ ಆ ಒಬ್ಬಳು ಬೇರೆಯೇ ಸೀರೆ ಉಟ್ಟವಳು. ಮೊದಲು ಹೂ, ಜೊತೆಜೊತೆಗೆ ತಿಳಿಹಸಿರಿನ ಚಿಗುರು. ಜೂನ್ ಎರಡನೆಯ ವಾರ ಮಳೆ ಹಿಡಿದಾಗ ಕೆಳಗೆ ರಸ್ತೆ ಕೆಂಪು, ಮೇಲೆ ಮರ ಹಸಿರು.

ಇಷ್ಟು ಚೆಲುವಿಗೆ ತೆತ್ತ ಬೆಲೆಯೂ ಇದೆ. ಬೇಗ ಬೆಳೆಯುವ ಮರದ ಕಟ್ಟಿಗೆ ಗಟ್ಟಿಯಲ್ಲ. ಕೊಂಬೆ ಪೆಳಸು. ಬೇರು ಆಳಕ್ಕೆ ಇಳಿಯುವ ಬದಲು ಮೇಲ್ಮೈಯಲ್ಲೇ ಹರಡಿ ಅಂಗಳದ ಕಲ್ಲನ್ನು ಎತ್ತುತ್ತದೆ. ಮಣ್ಣಿನ ಬಯಲಿನಲ್ಲಿ ಈ ಹರಡಿದ ಬೇರೇ ಅದಕ್ಕೆ ಆಧಾರ. ನಾವು ಮಾಡಿದ್ದೇನು? ಬುಡದವರೆಗೂ ಕಾಂಕ್ರೀಟು, ಪೇವರ್ ಬ್ಲಾಕು. ಒಂದು ಬದಿಯಲ್ಲಿ ಕೇಬಲ್ಲಿಗೆ, ಇನ್ನೊಂದು ಬದಿಯಲ್ಲಿ ನೀರಿನ ಪೈಪಿಗೆ, ಆಮೇಲೆ ಗ್ಯಾಸಿಗೆ ಎಂದು ಅಗೆದು ಬೇರು ಕತ್ತರಿಸಿದೆವು. ಮಳೆಗಾಲದ ಮುಂಚೆ ಕಿಟಕಿಗೆ ಅಡ್ಡ ಬಂದ ಒಂದೇ ಕಡೆಯ ಕೊಂಬೆ ಕಡಿಸಿ ತೂಕ ತಪ್ಪಿಸಿದೆವು. ಜುಲೈಯ ಗಾಳಿಗೆ ಮರ ಬಿದ್ದಾಗ, ಗುಲ್‌ಮೊಹರ್ ದುರ್ಬಲ ಮರ ಎಂದೆವು. ದುರ್ಬಲ ಹೌದು. ಆದರೆ 2021ರ ಮೇ 17ರಂದು ತೌಕ್ತೆ ಚಂಡಮಾರುತ ಪಕ್ಕದಲ್ಲಿ ಹಾದುಹೋದಾಗ, ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿದ ದಿನ, ಬಿದ್ದ ನೂರಾರು ಮರಗಳಲ್ಲಿ ಎಲ್ಲ ಜಾತಿಯವೂ ಇದ್ದವು.

ಇನ್ನೊಂದು ಆರೋಪ, ಅದು ಪರಕೀಯ ಎಂಬುದು. ಪರಿಸರದ ಅಭ್ಯಾಸಿಗಳು ಇದನ್ನು ಹೇಳುವಾಗ ಅದರಲ್ಲಿ ತೂಕವಿದೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗ, ಬೂರುಗ, ಹಾಲವಾಣ ಹೂಬಿಟ್ಟಾಗ ಹೋಗಿ ನೋಡಿ. ಅದು ಈ ನೆಲದ ಸ್ವಂತ ಕೆಂಪು. ಮರದ ತುಂಬ ಮೈನಾ, ಬುಲ್‌ಬುಲ್, ಸೂರಕ್ಕಿಗಳ ಸಂತೆ. ಗುಲ್‌ಮೊಹರದಲ್ಲಿ ಆ ಗದ್ದಲ ಇಲ್ಲ. ಅದರ ಕೆಳಗೆ ಬೇರೆ ಗಿಡ ಏಳುವುದೂ ಕಷ್ಟ. ಹೊಸದಾಗಿ ಸಾಲುಮರ ನೆಡುವವರು ಗುಲ್‌ಮೊಹರನ್ನು ಬಿಟ್ಟು ಸ್ಥಳೀಯ ಮರ ನೆಡಬೇಕು ಎಂದರೆ ನನ್ನ ಸಹಮತವಿದೆ.

ಆದರೆ ಅದೇ ಮಾತನ್ನು ಸೊಸೈಟಿಯ ಮೀಟಿಂಗಿನಲ್ಲಿ, ಐವತ್ತು ವರ್ಷ ನೆರಳು ಕೊಟ್ಟ ಮರವನ್ನು ಕಡಿಯಲು ನೆಪವಾಗಿ ಹೇಳಿದರೆ ಕಿವಿಗೆ ಬೇರೆಯೇ ಕೇಳಿಸುತ್ತದೆ. ಮುಂಬಯಿ ಕನ್ನಡಿಗರಿಗೆ ‘ಹೊರಗಿನವರು’ ಎಂಬ ಪದ ಹೊಸತಲ್ಲ. 1960ರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದಾರೆ.

ನಮ್ಮದು ಉಪನಗರದ ಹಳೆಯ ಸೊಸೈಟಿ, ನಾಲ್ಕು ಮಾಳಿಗೆ, ಲಿಫ್ಟಿಲ್ಲ. ರಿಡೆವಲಪ್‌ಮೆಂಟ್ ಬೇಡ ಎನ್ನುವವರು ಯಾರೂ ಇಲ್ಲ, ಮೊಣಕಾಲು ನೋವಿನ ನಾನಂತೂ ಅಲ್ಲವೇ ಅಲ್ಲ. ಬಿಲ್ಡರನ ನಕಾಶೆಯಲ್ಲಿ ಹೊಸ ಗೇಟು ಬರುವುದು ಸರಿಯಾಗಿ ಗುಲ್‌ಮೊಹರ್ ಇರುವ ಜಾಗದಲ್ಲಿ. ಗೇಟನ್ನು ಎಂಟು, ಹತ್ತು ಅಡಿ ಸರಿಸಿದರೆ ಮರ ಉಳಿಯುತ್ತದೆ. ಅವರು ತರಿಸಿದ ವರದಿಯಲ್ಲಿ ಮರದ ಅಂದಾಜು ವಯಸ್ಸು 35 ವರ್ಷ ಎಂದು ಬರೆದಿತ್ತು. ಈ ಸಂಖ್ಯೆಯಲ್ಲಿ ಒಂದು ಗುಟ್ಟಿದೆ.

ಮಹಾರಾಷ್ಟ್ರದಲ್ಲಿ ನಗರಗಳ ಮರಗಳಿಗೆಂದು 1975ರಿಂದ ಕಾಯ್ದೆ ಇದೆ. ನಮ್ಮ ಸ್ವಂತ ಕಾಂಪೌಂಡಿನ ಮರವಾದರೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ. 2021ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಬಂತು. ಐವತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ ಮರ ‘ಪಾರಂಪರಿಕ ವೃಕ್ಷ’. ಯಾವ ದೇಶದಿಂದ ಬಂದದ್ದು ಎಂದು ಕಾಯ್ದೆ ಕೇಳುವುದಿಲ್ಲ, ವಯಸ್ಸನ್ನಷ್ಟೇ ಕೇಳುತ್ತದೆ. ಅಂಥ ಮರವನ್ನು ಕಡಿಯಲೇಬಾರದು ಎಂದೇನಲ್ಲ, ಆದರೆ ಪರಿಶೀಲನೆ ಬಿಗಿಯಾಗುತ್ತದೆ. ಕಡಿದರೆ ಮರಕ್ಕೆ ಎಷ್ಟು ವರ್ಷವೋ ಅಷ್ಟು ಸಸಿ ನೆಡಬೇಕು, ನೆಟ್ಟು ಏಳು ವರ್ಷ ನೋಡಿಕೊಳ್ಳಬೇಕು. 35ಕ್ಕೂ 50ಕ್ಕೂ ಇರುವ ವ್ಯತ್ಯಾಸ ಇದು.

ನಮ್ಮ ಬಿಲ್ಡಿಂಗಿನ ಹೆಂಗಸರು ಐದು ಮಂದಿ ಇದರ ಹಿಂದೆ ಬಿದ್ದೆವು. ಒಬ್ಬರು ಗುಜರಾತಿ, ಇಬ್ಬರು ಮರಾಠಿ, ಒಬ್ಬರು ತಮಿಳು, ನಾನು. ಸೊಸೈಟಿ ಆಫೀಸಿನ ಕಪಾಟಿನಲ್ಲಿ, ಗೆದ್ದಲು ಹಿಡಿದ ಫೈಲುಗಳ ಕೆಳಗೆ ಹಳೆಯ ಮಿನಿಟ್ಸ್ ಪುಸ್ತಕಗಳಿದ್ದವು. ಎರಡು ಮಧ್ಯಾಹ್ನ ಕುಳಿತು ತಿರುವಿದೆವು. ನೀರಿನ ಟ್ಯಾಂಕರಿನ ಬಿಲ್ಲು, ಗೂರ್ಖನ ಸಂಬಳ, ಟೆರೇಸಿನಲ್ಲಿ ಹಪ್ಪಳ ಒಣಗಿಸುವ ಬಗ್ಗೆ ಬಂದ ದೂರು, ಇವುಗಳ ನಡುವೆ 1976ರ ಜುಲೈ ತಿಂಗಳ ಒಂದು ಪುಟ: ವನಮಹೋತ್ಸವದ ಅಂಗವಾಗಿ ಗೇಟಿನ ಇಬ್ಬದಿಯಲ್ಲಿ ಎರಡು ಗುಲ್‌ಮೊಹರ್, ಹಿಂದೆ ಒಂದು ಬಾದಾಮಿ ಸಸಿ ನೆಡಲಾಯಿತು, ಕಟಕಟೆಗೆ ಆದ ಖರ್ಚು ಇಷ್ಟು. ಎರಡರಲ್ಲಿ ಒಂದು ತೌಕ್ತೆಗೆ ಬಿತ್ತು. ಅದರ ಬುಡ ಒಳಗಿನಿಂದ ಟೊಳ್ಳಾಗಿತ್ತು. ಉಳಿದದ್ದು ಇದು. ಬರುವ ಜುಲೈಗೆ ಐವತ್ತು. ಎದೆಮಟ್ಟದಲ್ಲಿ ಸುತ್ತಳತೆ ನೋಡೋಣವೆಂದು ಬ್ಲೌಸ್ ಹೊಲಿಯುವ ಟೇಪು ತಂದೆವು. ಅದು 60 ಇಂಚಿನದು, ಸಾಲಲಿಲ್ಲ. ಎರಡು ಟೇಪು ಜೋಡಿಸಿ ಅಳೆದಾಗ 82 ಇಂಚು. ಕಾಂಡವನ್ನು ತಟ್ಟಿ ನೋಡಿದ ತೋಟಗಾರ, ಒಳಗೆ ಟೊಳ್ಳಿಲ್ಲ, ಬುಡದ ಕಾಂಕ್ರೀಟು ಮಾತ್ರ ಮೊದಲು ತೆಗೆಸಿ ಎಂದ.

ಗುಲ್‌ಮೊಹರ್ ಅರಳಿ, ಆಲದಂತೆ ನೂರಾರು ವರ್ಷ ಬಾಳುವ ಮರವಲ್ಲ. ಇದಕ್ಕೆ ಇನ್ನು ಹತ್ತು ವರ್ಷವೋ ಇಪ್ಪತ್ತೋ. ಆಮೇಲೆ ಆ ಜಾಗದಲ್ಲಿ ಏನು ಎಂಬ ಪ್ರಶ್ನೆಯೂ ಚರ್ಚೆಗೆ ಬಂತು. ನನ್ನ ಮತ ತಾಮ್ಹಣಕ್ಕೆ. ಮಹಾರಾಷ್ಟ್ರದ ರಾಜ್ಯಪುಷ್ಪ ಅದು. ಕನ್ನಡದಲ್ಲಿ ಹೊಳೆದಾಸವಾಳ. ನಮ್ಮ ಘಟ್ಟದ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದು, ಏಪ್ರಿಲ್‌ನಿಂದ ಜೂನ್‌ವರೆಗೆ ನೇರಳೆ ಬಣ್ಣದ, ಕ್ರೇಪ್ ಕಾಗದದಂತೆ ಸುಕ್ಕಾದ ಎಸಳಿನ ಹೂಗೊಂಚಲು ಬಿಡುತ್ತದೆ. ಅದೂ ಎಲೆ ಉದುರಿಸುವ ಮರವೇ, ಉದುರುವ ಮುನ್ನ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಗುಲ್‌ಮೊಹರಿನಷ್ಟು ಅಗಲಕ್ಕೆ ಹರಡುವುದಿಲ್ಲ, ಕಟ್ಟಿಗೆ ಗಟ್ಟಿ, ಮುಂಬಯಿಯ ಮಳೆ ಅದಕ್ಕೆ ಹೊಸತಲ್ಲ. ಊರಲ್ಲಿ ಕಂಡಿದ್ದರೂ ಹೆಸರು ಗೊತ್ತಿರದವರು ಈ ಮೇ ತಿಂಗಳಲ್ಲಿ ರಾಣಿಬಾಗಿಗೆ ಹೋಗಿ ಬನ್ನಿ, ಅಲ್ಲಿ ನೋಡಲು ಸಿಗುತ್ತದೆ. ಈಗಲೇ ಒಂದು ಸಸಿ ನೆಟ್ಟರೆ ಗುಲ್‌ಮೊಹರ್ ಹೋಗುವ ಹೊತ್ತಿಗೆ ಅದು ಹೂವಿಗೆ ಬಂದಿರುತ್ತದೆ.

ಮಿನಿಟ್ಸ್ ಪುಸ್ತಕದ ಪುಟದ ನಕಲು, ಅಳತೆ, ಮರದ ಫೋಟೋ ಸೇರಿಸಿ ವೃಕ್ಷ ಪ್ರಾಧಿಕಾರಕ್ಕೆ ಆಕ್ಷೇಪಣೆ ಕಳಿಸಿದ್ದೇವೆ. ಸೊಸೈಟಿಯ ಜನರಲ್ ಬಾಡಿಯಲ್ಲಿ ಗೇಟು ಸರಿಸುವ ಸೂಚನೆಗೆ ಪರವಾಗಿ 19, ವಿರುದ್ಧವಾಗಿ 11 ಮತ ಬಂದವು. ಬಿಲ್ಡರ್ ಇನ್ನೂ ಒಪ್ಪಿಲ್ಲ, ಹೊಸ ನಕಾಶೆಗೆ ಸಮಯ ಕೇಳಿದ್ದಾನೆ. ಬುಡದ ಕಾಂಕ್ರೀಟನ್ನು ಮೂರು ಅಡಿ ಅಗಲಕ್ಕೆ ಒಡೆಸಿ ಮಣ್ಣು ತುಂಬಿಸಿದ್ದಾಗಿದೆ, ಆ ಖರ್ಚನ್ನು ಐದು ಮಂದಿ ಹಂಚಿಕೊಂಡೆವು. ಪ್ರಾಧಿಕಾರದವರು ಅಳತೆಗೆ ಮಳೆ ಹಿಡಿಯುವ ಮೊದಲು ಬರುತ್ತೇವೆ ಎಂದಿದ್ದಾರೆ.